ಕೇಳದೆ ಏಳುವ ಕಂಬಿ

ಬೆಂಗಳೂರಿನಲ್ಲಿ ನಾನು ಮೇಷ್ಟ್ರಾಗಿದ್ದಾಗ ಕೊಂಡ ಹಳೆಯ ಕಾರಿಗೆ ಒಂದು ಅತಿವಿನಯದ ಗುಣವಿತ್ತು. ರೇಡಿಯೋ ಪೆಟ್ಟಿಗೆಯನ್ನು ಹಾಕಿದೊಡನೆ ಹಿಂದಿನ ಮಡ್‌ಗಾರ್ಡಿನೊಳಗಿಂದ ಏರಿಯಲ್ಲಿನ ಕಂಬಿ ಗುಂಯ್ಯೆಂದು ತಾನಾಗಿಯೇ ಮೇಲೇಳುತ್ತಿತ್ತು. ಆರಿಸಿದರೆ ಸದ್ದಿಲ್ಲದ ಸೇವಕನಂತೆ ಒಳಸೇರುತ್ತಿತ್ತು. ಬೀದಿಯ ಮಕ್ಕಳಿಗೆ ಅದು ಹಾವಾಡಿಗನ ಬುಟ್ಟಿ.

ಒಂದು ಸಂಜೆ ಹಾಡು ಕೇಳೋಣವೆಂದು ಕ್ಯಾಸೆಟ್ಟು ಹಾಕಿದೆ. ಪಕ್ಕದ ಮನೆಯ ಆರು ವರ್ಷದ ಹುಡುಗಿ ಹಿಂದೆ ನಿಂತು ಆ ತೂತಿನೊಳಕ್ಕೆ ಇಣುಕುತ್ತಿದ್ದುದು ನನಗೆ ಕಾಣಲಿಲ್ಲ. ಕಂಬಿಯ ತುದಿ ಅವಳ ಹುಬ್ಬನ್ನು ಗೀರಿತು. ಒಂದು ಬೆರಳಷ್ಟು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಕ್ಯಾಸೆಟ್ಟಿಗೆ ಏರಿಯಲ್ಲಿನ ಅಗತ್ಯವೇ ಇಲ್ಲವೆಂಬುದು ನೆನಪಾಗಿ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬಂದ ಎಲೆಕ್ಟ್ರಿಷಿಯನ್, "ಕಿತ್ತೇ ಹಾಕೋಣ ಮೇಷ್ಟ್ರೇ" ಎಂದ. ಅದಕ್ಕೆ ನಾನು ಒಪ್ಪಲಿಲ್ಲ. ನಾನು ಕೇಳುತ್ತಿದ್ದ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 490 ಮೀಟರು. ಅದರ ಮುಂದೆ ನಮ್ಮ ಕಂಬಿ ಒಂದು ಸೂಜಿ. ಆ ಸೂಜಿಯೂ ಇಲ್ಲವಾದರೆ ವಾರ್ತೆಯ ಬದಲು ಬರಿಯ ಕರಕರ ಸದ್ದು.

"ಹಾಗಾದರೆ ಬ್ಯಾಟರಿಯಿಂದ ಬರುವ ವೈರಿಗೆ ಸ್ವಿಚ್ಚು ಹಾಕೋಣ" ಎಂದ. ಇಲ್ಲಿಯೇ ಸ್ವಲ್ಪ ವಿಚಾರಮಾಡಬೇಕಾಯಿತು. ನಮ್ಮ ಏರಿಯಲ್ಲಿಗೆ ಮೂರು ವೈರುಗಳು. ಒಂದು, ಫ್ಯೂಸಿನ ಮೂಲಕ ಬ್ಯಾಟರಿಯ 12 ವೋಲ್ಟನ್ನು ಸದಾ ತರುವುದು; ಎರಡನೆಯದು, ಕಾರಿನ ಮೈಗೆ ಸೇರಿದ ಅರ್ಥ್; ಮೂರನೆಯದು, ರೇಡಿಯೋ ಹಾಕಿದಾಗ ರಿಲೇಗೆ "ಏಳು" ಎಂದು ತಿಳಿಸುವ ಸಣ್ಣ ವೈರು. ಅದರಲ್ಲಿ ವಿದ್ಯುತ್ತು ನಿಂತರೆ "ಇಳಿ" ಎಂದರ್ಥ. ಆಗ ಮೋಟಾರು ಹಿಂದುಮುಂದಾಗಿ ತಿರುಗಿ, ಹಲ್ಲುಳ್ಳ ನೈಲಾನ್ ಹುರಿಯಿಂದ ಕಂಬಿಯನ್ನು ಕೆಳಗೆಳೆಯುತ್ತದೆ. ಇಳಿಯುವುದಕ್ಕೂ ಶಕ್ತಿ ಬೇಕು. ಕಂಬಿ ಎದ್ದಿರುವಾಗ ಬ್ಯಾಟರಿಯ ವೈರನ್ನೇ ತಪ್ಪಿಸಿದರೆ ಅದು ನಿಂತಲ್ಲಿಯೇ ನಿಲ್ಲುತ್ತದೆ.

"ಶಕ್ತಿಯನ್ನು ಕಡಿಯುವುದು ಬೇಡಪ್ಪ, ಅಪ್ಪಣೆಯನ್ನು ಕಡಿ" ಎಂದೆ. ಅವನು ನಕ್ಕು, ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿದ. ರೇಡಿಯೋದ ಹಿಂದೆ ಆ ಮೂರನೆಯ ವೈರನ್ನು ಕತ್ತರಿಸಿ, ಎರಡು ತುದಿಗಳನ್ನೂ ಡ್ಯಾಷ್‌ಬೋರ್ಡಿನ ಕೆಳಗಿನ ಒಂದು ಸಣ್ಣ ಸ್ವಿಚ್ಚಿಗೆ ಬೆಸೆದು ಟೇಪು ಸುತ್ತಿದ. ಮೋಟಾರಿನ ಭಾರವೆಲ್ಲ ಬ್ಯಾಟರಿಯ ವೈರಿನ ಮೇಲೆಯೇ ಉಳಿದುದರಿಂದ ಸಣ್ಣ ಸ್ವಿಚ್ಚೇ ಸಾಕಾಯಿತು. ಕೆಲಸ ಒಂದು ಗಂಟೆಯೂ ಹಿಡಿಯಲಿಲ್ಲ.

ಅಂದಿನಿಂದ ವಾರ್ತೆ ಬೇಕಾದಾಗ ನಾನೇ ಇಳಿದು ಹಿಂದೆ ನೋಡಿ ಬಂದು ಸ್ವಿಚ್ಚು ಹಾಕಬೇಕಾಗಿತ್ತು. ಅನುಕೂಲ ಕಡಿಮೆಯಾಯಿತೆನ್ನಿ. ಆದರೆ ರೇಡಿಯೋ ಹಾಕಿದೆಯೆಂಬುದಷ್ಟೇ ಯಂತ್ರಕ್ಕೆ ತಿಳಿಯುತ್ತದೆ; ಅಲ್ಲೊಂದು ಮಗುವಿನ ಮುಖವಿದೆಯೆಂಬುದು ಅದಕ್ಕೆ ಹೇಗೆ ತಿಳಿಯಬೇಕು? ನೋಡುವ ಕೆಲಸವನ್ನು ಅದಕ್ಕೆ ಒಪ್ಪಿಸಿ ಹಾಯಾಗಿ ಕುಳಿತಿದ್ದವನು ನಾನು.

ಆ ಕಾರು ಈಗ ಇಲ್ಲ. ಇಂದಿನ ಎಷ್ಟೋ ಕಾರುಗಳಲ್ಲಿ ಏರಿಯಲ್ಲು ಚಾವಣಿಯ ಮೇಲಿನ ಮೀನಿನ ರೆಕ್ಕೆಯಾಗಿದೆ, ಇಲ್ಲವೇ ಗಾಜಿನೊಳಗೆ ಅಡಗಿದೆ. ಹುಡುಗಿ ದೊಡ್ಡವಳಾಗಿದ್ದಾಳೆ, ಹುಬ್ಬಿನಲ್ಲಿ ಒಂದು ಬಿಳಿಯ ಗೆರೆ ಉಳಿದಿದೆ. ನನ್ನ ದೃಷ್ಟಿ ಅತ್ತ ಹೋದಾಗಲೆಲ್ಲ ಅವಳು ನಗುತ್ತಾಳೆ: "ತಾತ, ಆ ಸ್ವಿಚ್ಚನ್ನು ಮೊದಲು ಒತ್ತಿದವಳು ನಾನಲ್ಲವೆ?"

ನಿಜ. ಅಂದು ಅವಳು ಒತ್ತಿದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ.