ಕಾಲು ಎಳೆಯುವ ಆಕಳನ್ನು ಸಂತೆಗೆ ಹೊಡೆಯುವ ಮುನ್ನ

ಕಳೆದ ಚಳಿಗಾಲದಲ್ಲಿ ತಾಳಿಕೋಟೆ ಸಮೀಪದ ಊರಿನ ಸದಸ್ಯರೊಬ್ಬರು ಸಂಘಕ್ಕೆ ಬೆಳಗಿನ ಹಾಲು ಹಾಕಿ ನೇರವಾಗಿ ನನ್ನ ಬಳಿ ಬಂದರು. ಎರಡನೇ ಸೂಲಿನ ಎಚ್.ಎಫ್. ಮಿಶ್ರತಳಿ ಆಕಳು, ದಿನಕ್ಕೆ 11 ಲೀಟರ್ ಹಾಲು. ತಿಂಗಳಿಂದ ಹಿಂದಿನ ಬಲಗಾಲು ಎಳೆಯುತ್ತಿತ್ತು.

"ಸಾಹೇಬ್ರ, ಎರಡ ಸಲ ಬರಿ ಹಾಕ್ಸೀನ್ರಿ. ಏನೂ ಕಮ್ಮಿ ಆಗ್ಲಿಲ್ಲ. ಸಂತಿಗೆ ಹೊಡದ್ ಬಿಡ್ತೀನಿ. ದಲ್ಲಾಳಿ ಅರ್ಧ ರೇಟಿಗೆ ಕೇಳ್ಯಾನ."

"ನಾ ಬಂದ್ ನೋಡೂತನಾ ಹಗ್ಗಾ ಬಿಚ್ಚಬ್ಯಾಡ್ರಿ ಕಾಕಾ" ಎಂದೆ.

ಮರುದಿನ ನಸುಕಿನಲ್ಲೇ ಹೋದೆ. ಇಂಥ ರಾಸನ್ನು ಬೆಳಿಗ್ಗೆ ಎದ್ದ ಕೂಡಲೇ ನೋಡಬೇಕು, ಬಿಸಿಲೇರಿ ಓಡಾಡಿದ ಮೇಲೆ ಅರ್ಧ ಲಕ್ಷಣ ಮುಚ್ಚಿಹೋಗುತ್ತದೆ. ಆಕಳು ಎದ್ದಿತು. ಬಲಗಾಲು ಕೋಲಿನಂತೆ ಸೆಟೆದು ಹಿಂದಕ್ಕೆ ಚಾಚಿಕೊಂಡಿತು. ಗೊರಸಿನ ತುದಿ ನೆಲ ಕೆರೆಯುತ್ತ ಐದಾರು ಹೆಜ್ಜೆ ಹೋಯಿತು. ಆಮೇಲೆ ಝಟಕಾ ಹೊಡೆದಂತೆ ಕಾಲು ಮೇಲಕ್ಕೆದ್ದು ಮಡಚಿತು, ಮುಂದಿನ ಹೆಜ್ಜೆ ಸರಿಯಾಗಿ ಬಿತ್ತು. ನೋವಿನಿಂದ ಕುಂಟುವ ನಡಿಗೆ ಇದಲ್ಲ. ಬಾಗಿಲ ಚಿಲಕ ಸಿಕ್ಕಿಕೊಂಡು ಆಮೇಲೆ ಬಿಟ್ಟುಕೊಂಡ ಹಾಗೆ.

ನಿಜಕ್ಕೂ ಅಲ್ಲಿ ಆಗುವುದು ಅದೇ. ದನದ ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ಲೆಕ್ಕಕ್ಕೆ ನಮ್ಮ ಕೈಯ ಮಣಿಕಟ್ಟು. ಅದರ ಅಸಲಿ ಮಂಡಿ ಇರುವುದು ಹಿಂಗಾಲಿನಲ್ಲಿ, ಹೊಟ್ಟೆಯ ಪಕ್ಕ, ತೊಡೆಯ ಕೆಳಗೆ. ಅಲ್ಲಿ ಮಂಡಿಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ಕಾಲುವೆಯಂಥ ಜಾಡಿನಲ್ಲಿ ಮೇಲೆ ಕೆಳಗೆ ಜಾರುತ್ತದೆ. ಚಿಪ್ಪನ್ನು ಕೆಳಗಿನ ಮೂಳೆಗೆ ಹಿಡಿದಿಡುವ ಗಟ್ಟಿ ಪಟ್ಟಿಗಳು ಮೂರು. ಒಳಬದಿಯ ಪಟ್ಟಿ ತೊಡೆಮೂಳೆಯ ಉಬ್ಬಿನ ಮೇಲೆ ಸಿಕ್ಕಿಕೊಂಡರೆ ಚಿಪ್ಪು ಕೆಳಗಿಳಿಯುವುದಿಲ್ಲ, ಮಂಡಿ ಮಡಚುವುದಿಲ್ಲ. ಎತ್ತು, ಆಕಳು, ಎಮ್ಮೆ ಮೂರರಲ್ಲೂ ಕಾಣುತ್ತದೆ. ಕೆಲವಕ್ಕೆ ಒಂದು ಕಾಲಿಗೆ, ಕೆಲವಕ್ಕೆ ಎರಡಕ್ಕೂ.

ಇದಕ್ಕೆ ಇಂಜೆಕ್ಷನ್ ಇಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಖಿಲಾರಿ ಎತ್ತಿಗೆ ಇದೇ ತೊಂದರೆ ಇದ್ದಾಗ ಉಳುಕು ಎಂದುಕೊಂಡು ಐದು ದಿನ ನೋವಿನ ಮದ್ದು ಕೊಟ್ಟೆ, ವಾರ ಬಿಟ್ಟು ಮತ್ತೆ ಕೊಟ್ಟೆ. ಮಧ್ಯಾಹ್ನದ ಹೊತ್ತು ನೋಡಿದ್ದೆ, ನಡೆಸಿ ನೋಡಿರಲಿಲ್ಲ. ಡೋಣಿ ದಂಡೆಯ ಎರೆಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆಗೆ ಆ ರೈತ ಬಾಡಿಗೆ ಎತ್ತು ತರಬೇಕಾಯಿತು. ಅಂದಿನಿಂದ ಕುಂಟುವ ರಾಸನ್ನು ಹತ್ತಾರು ಹೆಜ್ಜೆ ನಡೆಸದೆ ಸಿರಿಂಜು ತೆಗೆಯುವುದಿಲ್ಲ.

ಬೇಕಾದದ್ದು ಚಿಕ್ಕ ಶಸ್ತ್ರಚಿಕಿತ್ಸೆ. ಹಿಂದಿನ ರಾತ್ರಿ ಮೇವು ನಿಲ್ಲಿಸಿ, ಮೆತ್ತನೆಯ ಮಣ್ಣಿನ ಮೇಲೆ ರಾಸನ್ನು ತೊಂದರೆಯ ಕಾಲು ಕೆಳಗೆ ಬರುವಂತೆ ಮಲಗಿಸುತ್ತೇವೆ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಬೆರಳಗಲದ ಗಾಯದೊಳಗಿಂದ ಸಿಕ್ಕಿಕೊಳ್ಳುವ ಆ ಪಟ್ಟಿಯೊಂದನ್ನೇ ಕತ್ತರಿಸುತ್ತೇವೆ. ತುಂಬು ಗಬ್ಬದ ರಾಸನ್ನು ಕೆಡವುವುದು ಅಪಾಯ, ಅಂಥದ್ದನ್ನು ಮೊದಲೇ ತಿಳಿಸಿ. ಕಾಕಾನ ಆಕಳು ಎದ್ದು ನಿಂತು ಕಾಲು ಮಡಚಿ ನಡೆದಾಗ ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು. ಹತ್ತು ಹದಿನೈದು ದಿನ ಓಡಿಸಬಾರದು, ಗಾಯ ಒಣಗಿರಬೇಕು, ನೊಣ ಕೂರಬಾರದು. ಆ್ಯಂಟಿಬಯಾಟಿಕ್ ಕೊಟ್ಟರೆ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಆ ನಷ್ಟ ನಿಮಗೆ ಚುರುಕ್ ಅನ್ನುತ್ತದೆ ಎಂದು ಗೊತ್ತು, ಆದರೂ ಹಾಕಬೇಡಿ.

ಬರೆಯ ಬಗ್ಗೆ ಒಂದು ಮಾತು. ಬರೆ ಹಾಕಿದ್ದು ಚರ್ಮಕ್ಕೆ, ಸಿಕ್ಕಿಕೊಂಡದ್ದು ಒಳಗಿನ ಪಟ್ಟಿ. ಕಾಕಾನ ಆಕಳಿಗೆ ಬರೆಯ ಗಾಯ ದಪ್ಪಗಾಗಿ, ಪಟ್ಟಿಯನ್ನು ಬೆರಳಿನಿಂದ ಹುಡುಕಲು ನನಗೆ ದುಪ್ಪಟ್ಟು ಹೊತ್ತು ಹಿಡಿಯಿತು.

ಆದರೆ ಕುಂಟುವುದೆಲ್ಲ ಮಂಡಿಯದಲ್ಲ. ಹಾಲಿನ ರಾಸುಗಳ ಕುಂಟಿಗೆ ಹೆಚ್ಚಿನ ಸಲ ಕಾರಣ ಗೊರಸಿನಲ್ಲೇ ಇರುತ್ತದೆ. ಆದ್ದರಿಂದ ಮೊದಲು ಕಾಲೆತ್ತಿ, ತೊಳೆದು, ಗೊರಸಿನ ನಡುವೆ ಮುಳ್ಳು, ಹರಳು, ಕೀವು, ದುರ್ವಾಸನೆ ನೋಡಿ. ಅಲ್ಲಿ ಏನೂ ಇಲ್ಲವೆಂದ ಮೇಲೆ ಮೇಲಕ್ಕೆ ಬನ್ನಿ. ಮುಂಗಾಲಿನ ನೋವಾದರೆ ಆ ಕಾಲು ಊರಿದಾಗ ರಾಸು ತಲೆ ಮೇಲೆತ್ತುತ್ತದೆ. ಗೊರಸು ನೊಂದರೆ ಊರಲು ಹೆದರುತ್ತದೆ. ಹೆಗಲು ನೊಂದರೆ ಕಾಲನ್ನು ಮುಂದೆ ತರಲು ಹೆದರಿ, ಹೊರಗಿನಿಂದ ಸುತ್ತಿಸಿ, ಗಿಡ್ಡ ಹೆಜ್ಜೆ ಇಡುತ್ತದೆ.

ಹೆಗಲಿನ ತೊಂದರೆ ನಮ್ಮಲ್ಲಿ ಎತ್ತಿಗೇ ಜಾಸ್ತಿ. ಎತ್ತರ ಹೊಂದದ ಜೋಡಿ, ಒರಟು ನೊಗ, ಕಾರಹುಣ್ಣಿಮೆಯ ಓಟದಲ್ಲಿ ಬಿದ್ದದ್ದು, ಕಂಬಕ್ಕೆ ಗುದ್ದಿದ್ದು, ಹೀಗೆ. ನೊಗದ ಬಾವಿಗೆ ಮೊದಲ ಮದ್ದು ನೊಗ ಇಳಿಸುವುದು. ಬಾವು ಇರುವಾಗಲೇ ಹೂಡಿದರೆ ಅದು ಗಟ್ಟಿಯಾಗಿ ಉಳಿಯುತ್ತದೆ. ಕೆಲವು ಎತ್ತುಗಳಲ್ಲಿ ಹೆಗಲಿನ ನರಕ್ಕೆ ಪೆಟ್ಟಾಗಿ, ಹೆಗಲಮೂಳೆಯ ಮೇಲಿನ ಮಾಂಸ ವಾರಗಳಲ್ಲಿ ಕರಗಿ ಮೂಳೆ ಎದ್ದು ಕಾಣುತ್ತದೆ, ಭಾರ ಹಾಕಿದಾಗ ಹೆಗಲು ಹೊರಕ್ಕೆ ಜಾರುತ್ತದೆ. ಇದಕ್ಕೆ ತಿಂಗಳುಗಟ್ಟಲೆ ವಿಶ್ರಾಂತಿ ಬೇಕಾಗಬಹುದು, ಎಲ್ಲವೂ ಪೂರ್ತಿ ಸರಿಹೋಗುವುದೂ ಇಲ್ಲ. ಹಾಗಾಗಿ ಮಾಂಸ ಕರಗುವವರೆಗೆ ಕಾಯದೆ ಪೆಟ್ಟಾದ ವಾರದೊಳಗೇ ತೋರಿಸಿ.

ಒಂದು ಸಂದರ್ಭದಲ್ಲಿ ಮಾತ್ರ ನಾಳೆಗೆ ಬಿಡಬೇಡಿ. ಆರು ತಿಂಗಳಿಂದ ಎರಡು ವರ್ಷದ, ಮೈತುಂಬಿಕೊಂಡ ಕರು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಕುಂಟಿ, ಜ್ವರ ಏರಿ, ಹೆಗಲು ಅಥವಾ ತೊಡೆ ಊದಿಕೊಂಡಿದ್ದು, ಒತ್ತಿದರೆ ಚರಚರ ಸದ್ದು ಬಂದರೆ ಅದು ಉಳುಕಲ್ಲ, ಚಪ್ಪೆ ಬೇನೆ. ತಿಕ್ಕುವುದು, ಕಾವು ಕೊಡುವುದು ಮಾಡುತ್ತ ಕೂತರೆ ಒಂದೆರಡು ದಿನದಲ್ಲಿ ಕರು ಕೈತಪ್ಪುತ್ತದೆ. ಕೂಡಲೇ ವೈದ್ಯರಿಗೆ ಅಥವಾ 1962ಕ್ಕೆ ಫೋನ್ ಮಾಡಿ. ಮಳೆ ಹಿಡಿಯುವ ಮುನ್ನ ಲಸಿಕೆ ಹಾಕಿಸಿದರೆ ಈ ಓಡಾಟವೇ ಇರುವುದಿಲ್ಲ.

ಇನ್ನು ಮುಂಗಾಲ ಮಂಡಿಯ ಮೇಲೆ ನಿಂಬೆಹಣ್ಣಿನಿಂದ ತೆಂಗಿನಕಾಯಿ ಗಾತ್ರದವರೆಗೆ ಬೆಳೆಯುವ ನೀರಿನ ಬಾವು. ನಮ್ಮ ಭಾಗದಲ್ಲಿ ಫರಸಿ ಕಲ್ಲು ಸುಲಭವಾಗಿ ಸಿಗುವುದರಿಂದ ಕೊಟ್ಟಿಗೆಗೂ ಅದನ್ನೇ ಹಾಸುತ್ತೇವೆ. ಗಂಜಲ ಬಿದ್ದಾಗ ಜಾರುತ್ತದೆ, ಏಳುವಾಗ ಮಲಗುವಾಗ ಮಂಡಿ ಕಲ್ಲಿಗೆ ತಾಗುತ್ತದೆ. ಕಲ್ಲಿನ ಮೇಲ್ಮೈಯನ್ನು ಉಳಿಯಿಂದ ಕಚ್ಚು ಮಾಡಿಸಿ ರಬ್ಬರ್ ಮ್ಯಾಟ್ ಅಥವಾ ಒಣ ರವದಿ ಹಾಸಿ. ಬಾವನ್ನು ಮನೆಯಲ್ಲಿ ಬ್ಲೇಡಿನಿಂದ ಕೊಯ್ಯಲೇಬೇಡಿ. ಕೀವಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್ ಇರುವ ರಾಸಿನಲ್ಲೂ ಇಂಥದೇ ಬಾವು ಬರುತ್ತದೆ, ಆ ನೀರು ತಾಗಿದರೆ ಮನುಷ್ಯರಿಗೂ ರೋಗ ಹತ್ತಬಹುದು. ಕೊಟ್ಟಿಗೆಯಲ್ಲಿ ಗಬ್ಬ ಹೋದ ರಾಸು ಇದ್ದು, ಜೊತೆಗೆ ಮಂಡಿ ಬಾವೂ ಕಂಡರೆ ರಕ್ತಪರೀಕ್ಷೆ ಮಾಡಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಈ ರೋಗದ ಲಸಿಕೆ ಉಚಿತ. ಒಮ್ಮೆ ಹಾಕಿಸಿದರೆ ಸಾಕು.

ಹುಟ್ಟಿದ ಕರುವಿನ ಮಂಡಿ ಬಿಸಿಯಾಗಿ ಊದಿದರೆ ಹೊಕ್ಕಳನ್ನು ನೋಡಿ. ನಂಜು ಸಾಮಾನ್ಯವಾಗಿ ಅಲ್ಲಿಂದಲೇ ಒಳಹೋಗಿರುತ್ತದೆ. ಹುಟ್ಟಿದ ದಿನವೇ ಹೊಕ್ಕಳಿಗೆ ಟಿಂಚರ್ ಅಯೋಡಿನ್ ಹಚ್ಚಿ.

ಮೆಡಿಕಲ್ ಅಂಗಡಿಯಿಂದ ಮನುಷ್ಯರ ಡೈಕ್ಲೋಫೆನಾಕ್ ತಂದು ಚುಚ್ಚಿಸುವವರು ಇನ್ನೂ ಇದ್ದಾರೆ. ರಣಹದ್ದುಗಳ ಸಾವಿಗೆ ಕಾರಣವಾದ್ದರಿಂದ ಇದನ್ನು ದನಗಳಿಗೆ ಬಳಸುವುದನ್ನು 2006ರಿಂದಲೇ ನಿಷೇಧಿಸಲಾಗಿದೆ. ಮೆಲಾಕ್ಸಿಕ್ಯಾಮ್ ಇದೆ, ಅದನ್ನೂ ವೈದ್ಯರೇ ಅಳತೆ ಹೇಳಿ ಕೊಡಲಿ.

ಕಾಕಾನ ಆಕಳು ಈಗ ಮೂರನೇ ಸೂಲಿಗೆ ಗಬ್ಬವಾಗಿದೆ. ಇನ್ನೊಂದು ಕಾಲಿಗೂ ಮುಂದೆ ಇದೇ ತೊಂದರೆ ಬರಬಹುದು ಎಂದು ಹೇಳಿದ್ದೆ. ಅದಕ್ಕೇ ಅವರು ದಿನಾ ಬೆಳಿಗ್ಗೆ ಹಿಂಡುವ ಮೊದಲು ಅದನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿ ನೋಡುತ್ತಾರೆ.