ಅಜ್ಜನ ಟಾರ್ಪಾಲ್ ಹರೀಲಿಲ್ಲ, ಹೊಸದು ಹಪ್ಪಳ ಆಯ್ತು: ಯಾಕೆ?

ಬಸ್ಸಲ್ಲಿ ಕೂತು ಕೇಳ್ತಿರೋರಿಗೂ, ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರಿಗೂ, ನೆಟ್‌ವರ್ಕ್ ಸಿಗದೆ ಇಲ್ಲಿ ಓದ್ತಿರೋರಿಗೂ ಸ್ವಾಗತ. ಇವತ್ತಿನ ಸಂಚಿಕೆ ಪ್ಲಾಸ್ಟಿಕ್ ಬಗ್ಗೆ. ಭಾಷಣ ಮಾಡಲ್ಲ, ಹೆದರಬೇಡಿ. ಒಂದೇ ಥರ ಕಾಣೋ ಎರಡು ಪ್ಲಾಸ್ಟಿಕ್‌ಗಳಲ್ಲಿ ಒಂದು ಗಟ್ಟಿ, ಇನ್ನೊಂದು ಕಳಪೆ ಹೇಗಾಗುತ್ತೆ, ಆ ವ್ಯತ್ಯಾಸಕ್ಕೆ ನಾವು ಎಷ್ಟು ಬೆಲೆ ಕೊಡ್ತೀವಿ ಅನ್ನೋದು ವಿಷಯ.

ಶುರು ಮಾಡೋದು ನಮ್ಮ ಮನೆ ಕಣದಿಂದ.

ನಮ್ಮೂರು ಅರೇಹಳ್ಳಿ, ಬೇಲೂರು ತಾಲೂಕು. ಕಾಫಿ, ಮೆಣಸಿನ ಊರು. ನಮ್ಮದು ಸಣ್ಣ ತೋಟ. ಹೋದ ಕುಯ್ಲಲ್ಲಿ ರೋಬಸ್ಟಾ ಕಣದ ಮೇಲಿತ್ತು, ಒಂದು ವಾರ ಬಿಸಿಲು ಕಂಡು ಅರ್ಧ ಒಣಗಿತ್ತು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಗುಡುಗು. ಅಪ್ಪ, ಅಮ್ಮ, ನಾನು ಮೂರೂ ಜನ ಓಡಿ ಹೋಗಿ ಕಾಫಿ ರಾಶಿ ಮಾಡಿ ಎರಡು ಟಾರ್ಪಾಲ್ ಎಳೆದ್ವಿ. ಒಂದು ಹಿಂದಿನ ವರ್ಷ ನಾನೇ ಕಡಿಮೆ ರೇಟಿಗೆ ತಂದಿದ್ದು, ನೀಲಿ ಬಣ್ಣದ್ದು. ಇನ್ನೊಂದು ಅಜ್ಜನ ಕಾಲದ್ದು, ಬಣ್ಣವೇ ಗೊತ್ತಾಗಲ್ಲ.

ನೀಲಿ ಟಾರ್ಪಾಲಿನ ಮೂಲೆ ಹಿಡಿದು ಎಳೆದೆ ನೋಡಿ, ಮೂಲೆ ನನ್ನ ಕೈಯಲ್ಲೇ ಬಂತು. ಮತ್ತೆ ಎಳೆದೆ, ಹಪ್ಪಳ ಮುರಿದ ಹಾಗೆ ಉದ್ದಕ್ಕೆ ಸೀಳಿತು. ಬೆಳಗ್ಗೆ ನೋಡಿದ್ರೆ ಆ ಕಡೆ ರಾಶಿ ಪೂರ್ತಿ ನೆನೆದಿತ್ತು. ಅಜ್ಜನ ಟಾರ್ಪಾಲಿನ ಕೆಳಗಿದ್ದ ಕಾಫಿ ಒಣಗೇ ಇತ್ತು.

ಕಾಫಿ ಗೊತ್ತಿಲ್ಲದವರಿಗೆ ಒಂದು ಮಾತು. ಹಣ್ಣನ್ನ ಸಿಪ್ಪೆ ಸಮೇತ ಒಣಗಿಸಿದ್ರೆ ಅದನ್ನ ಚೆರಿ ಅಂತೀವಿ. ತೇವಾಂಶ ಸುಮಾರು 11 ಪರ್ಸೆಂಟಿಗೆ ಇಳಿಯೋವರೆಗೂ ಒಣಗಬೇಕು. ಅರ್ಧ ಒಣಗಿದ್ದು ಮತ್ತೆ ನೆನೆದ್ರೆ ಬೂಸ್ಟು ಬರುತ್ತೆ, ವಾಸನೆ ಹಿಡಿಯುತ್ತೆ. ಕೆಲವು ಬೂಸ್ಟುಗಳು ಓಕ್ರಾಟಾಕ್ಸಿನ್ ಅನ್ನೋ ವಿಷ ಬಿಡ್ತವೆ, ರಫ್ತು ಮಾರುಕಟ್ಟೆಯಲ್ಲಿ ಅದಕ್ಕೆ ಮಿತಿ ಇದೆ. ವ್ಯಾಪಾರಿ ಒಂದು ಹಿಡಿ ತಗೊಂಡು ಮೂಸಿ ನೋಡಿ 50 ಕೆಜಿ ಮೂಟೆಗೆ ರೇಟ್ ಇಳಿಸಿಬಿಟ್ರು. ತಪ್ಪು ಅವರದಲ್ಲ.

ಅಪ್ಪ ಹೇಳಿದ್ದು ಒಂದೇ ಮಾತು: "ಈಗಿನ ಪ್ಲಾಸ್ಟಿಕ್ಕೇ ಹಿಂಗೆ ಕಣೋ." ಬಿ.ಕಾಂ. ಓದಿದ ನನಗೆ ಕೆಮಿಸ್ಟ್ರಿ ಪಿಯುಸಿಗೂ ಇರಲಿಲ್ಲ. ಆದ್ರೆ ಆ ಮಾತು ತಲೆಗೆ ಹೊಕ್ಕಿತು. ಪ್ಲಾಸ್ಟಿಕ್ ಅಂದ್ರೆ ನೂರಾರು ವರ್ಷ ಕರಗಲ್ಲ ಅಂತಾರಲ್ಲ, ಮತ್ತೆ ನನ್ನದು ಒಂದೇ ವರ್ಷಕ್ಕೆ ಯಾಕೆ ಪುಡಿ ಆಯ್ತು?

ಉದ್ದದ ಸರ, ಕವಲಿನ ಸರ

ಟಾರ್ಪಾಲ್ ಆಗೋದು ಪಾಲಿಥೀನ್‌ನಿಂದ. ಎಥಿಲೀನ್ ಅನ್ನೋ ಅನಿಲದ ಸಣ್ಣ ಕಣಗಳನ್ನ ಒಂದಕ್ಕೊಂದು ಪೋಣಿಸಿದ್ರೆ ಸಾವಿರಾರು ಕೊಂಡಿಗಳ ಉದ್ದ ಸರ ಆಗುತ್ತೆ. ಇಂಥ ಸರಕ್ಕೆ ಪಾಲಿಮರ್ ಅಂತ ಹೆಸರು. ಮೊದಲು ಸಿಕ್ಕಿದ್ದು ಆಕಸ್ಮಿಕವಾಗಿ: 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಲ್ಯಾಬಲ್ಲಿ ಫಾಸೆಟ್ ಮತ್ತು ಗಿಬ್ಸನ್ ಭಾರೀ ಒತ್ತಡದಲ್ಲಿ ಎಥಿಲೀನ್ ಇಟ್ಟು ಬೇರೇನೋ ಮಾಡೋಕೆ ಹೊರಟಿದ್ರು, ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳೀತು.

ಆ ಹಳೇ ವಿಧಾನದಲ್ಲಿ ಆದ ಸರಕ್ಕೆ ಕವಲು ಜಾಸ್ತಿ. ಕಸಿ ಮಾಡಿ ಬಿದ್ದ ಕಾಫಿ ರೆಕ್ಕೆಗಳನ್ನ ಒಟ್ಟಿ ನೋಡಿ, ಎಷ್ಟು ತುಳಿದ್ರೂ ನಡುವೆ ಜಾಗ ಉಳಿಯುತ್ತೆ. ಇದು ಎಲ್‌ಡಿಪಿಇ, ಮೆತ್ತಗೆ ಬಾಗುತ್ತೆ. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಒಂದು ವೇಗವರ್ಧಕ ಬಳಸಿ ಕಡಿಮೆ ಒತ್ತಡದಲ್ಲೇ ಹೆಚ್ಚುಕಮ್ಮಿ ಕವಲಿಲ್ಲದ ಸರ ಮಾಡಿದ್ರು. ನೇರ ಬಿದಿರು ಗಳಗಳನ್ನ ಒಟ್ಟಿದ ಹಾಗೆ ಒತ್ತಾಗಿ ಕೂರುತ್ತೆ, ಅದಕ್ಕೇ ಗಟ್ಟಿ. ಇದು ಎಚ್‌ಡಿಪಿಇ. ಮರುವರ್ಷ ಇಟಲಿಯ ಜೂಲಿಯೊ ನಟ್ಟಾ ಅದೇ ದಾರಿಯಲ್ಲಿ ಪಾಲಿಪ್ರೊಪಿಲೀನ್ ಮಾಡಿದ್ರು. 1963ರ ಕೆಮಿಸ್ಟ್ರಿ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಗಮನಿಸಿ, ಮೂಲ ವಸ್ತು ಅದೇ ಎಥಿಲೀನ್. ಜೋಡಿಸೋ ರೀತಿ ಬದಲಾಯ್ತು, ಗುಣ ಬದಲಾಯ್ತು.

ಶಾವಿಗೆ ಒರಳಿನಿಂದ ಟಾರ್ಪಾಲಿಗೆ

ಫ್ಯಾಕ್ಟರಿಗೆ ಪ್ಲಾಸ್ಟಿಕ್ ಬರೋದು ಸಬ್ಬಕ್ಕಿಯಂಥ ಕಾಳಿನ ರೂಪದಲ್ಲಿ. ಅದನ್ನ 200 ಡಿಗ್ರಿ ಆಸುಪಾಸು ಕರಗಿಸಿ, ತಿರುಗೋ ಸ್ಕ್ರೂ ಇರೋ ಮೆಷಿನ್ನಿನಿಂದ ಒತ್ತಿ ಹೊರಗೆ ತೆಗೀತಾರೆ. ನಮ್ಮ ಹಾಸನ ಜಿಲ್ಲೆಯವರಿಗೆ ಇದನ್ನ ವಿವರಿಸೋದು ಸುಲಭ: ಒತ್ತು ಶಾವಿಗೆ. ಒರಳಿನ ಬಾಯಿ ಹೇಗಿದೆಯೋ ಹಾಗೆ ಹೊರಗೆ ಬರುತ್ತೆ. ಟಾರ್ಪಾಲಿಗೆ ತೆಳು ಹಾಳೆ ಬರುತ್ತೆ.

ಆ ಹಾಳೆಯನ್ನ ಸಣ್ಣ ಪಟ್ಟಿಗಳಾಗಿ ಸೀಳಿ, ಬಿಸಿ ಮಾಡಿ ಹಲವು ಪಟ್ಟು ಉದ್ದಕ್ಕೆ ಎಳೀತಾರೆ. ಗೋಜಲಾಗಿದ್ದ ಸರಗಳೆಲ್ಲ ಒಂದೇ ದಿಕ್ಕಿಗೆ ತಿರುಗಿ ಸಾಲಾಗಿ ನಿಲ್ತವೆ. ಬಲ ಬರೋದು ಇಲ್ಲಿ. ಕ್ಯಾರಿಬ್ಯಾಗ್ ಕೈಯಲ್ಲಿ ಎಳೆದಾಗ ಮೊದಲು ಹಿಗ್ಗಿ ಆಮೇಲೆ ಗಟ್ಟಿಯಾಗಿ ಬೆರಳಿಗೆ ಕೊಯ್ಯುತ್ತಲ್ಲ, ಅದೇ ಕಥೆ. ಹೀಗೆ ಎಳೆದ ಪಟ್ಟಿಗಳನ್ನ ಮಗ್ಗದಲ್ಲಿ ನೇಯ್ದು, ನೀರು ಇಳಿಯದ ಹಾಗೆ ಎರಡೂ ಕಡೆ ಮೆತ್ತನೆಯ ಎಲ್‌ಡಿಪಿಇ ಪದರ ಹಚ್ತಾರೆ. ಒಳಗೆ ಗಟ್ಟಿ ಬಟ್ಟೆ, ಹೊರಗೆ ಮೆತ್ತನೆ ಕೋಟು. ಅಂಚಿಗೆ ಹಗ್ಗ, ರಿಂಗು. ಟಾರ್ಪಾಲ್ ರೆಡಿ.

ಇಷ್ಟರಲ್ಲಿ ಅಜ್ಜನ ಟಾರ್ಪಾಲಿಗೂ ನನ್ನದಕ್ಕೂ ವ್ಯತ್ಯಾಸವೇ ಇಲ್ಲ. ಎರಡೂ ನೇಯ್ದಿದ್ದೇ. ವ್ಯತ್ಯಾಸ ಇರೋದು ಕಣ್ಣಿಗೆ ಕಾಣದ ಜಾಗದಲ್ಲಿ.

ಬಿಸಿಲು ಕತ್ತರಿ ಹಾಕುತ್ತೆ

ತೋಟದಲ್ಲಿ ಬಿದ್ದಿರೋ ಹಳೇ ಗೊಬ್ಬರದ ಚೀಲ ಮುಟ್ಟಿದ್ದೀರಾ? ಮಳೆಗೆ ಕೊಪ್ಪೆ ಮಾಡಿಕೊಂಡಾಗ ಅಷ್ಟು ಗಟ್ಟಿ ಇದ್ದ ಚೀಲ, ಬೇಲಿ ಮೇಲೆ ಒಂದು ಬೇಸಿಗೆ ಕಳೆದ್ರೆ ಮುಟ್ಟಿದ ತಕ್ಷಣ ಉದುರುತ್ತೆ. ಬಿಸಿಲಿನ ಅತಿನೇರಳೆ ಕಿರಣ, ಗಾಳಿಯ ಆಮ್ಲಜನಕ ಎರಡೂ ಸೇರಿ ಮಾಡೋ ಕೆಲಸ ಅದು. ಕಿರಣ ಬಿದ್ದ ಕಡೆ ಫ್ರೀ ರ‍್ಯಾಡಿಕಲ್ ಅನ್ನೋ ಪುಂಡ ಕಣಗಳು ಹುಟ್ಟುತ್ತವೆ. ಒಂದು ಇನ್ನೊಂದನ್ನ ಹುಟ್ಟಿಸುತ್ತೆ, ಉದ್ದ ಸರ ತುಂಡು ತುಂಡಾಗುತ್ತೆ. ಸರ ಗಿಡ್ಡ ಆದಷ್ಟೂ ಪ್ಲಾಸ್ಟಿಕ್ ಬಾಗದೆ ಮುರಿಯುತ್ತೆ. ಪಾಲಿಪ್ರೊಪಿಲೀನ್‌ಗೆ ಈ ಕಾಯಿಲೆ ಪಾಲಿಥೀನ್‌ಗಿಂತ ಬೇಗ ಬರುತ್ತೆ.

ಇದಕ್ಕೆ ಮದ್ದು ಇದೆ. ಒಂದು, ಕಾರ್ಬನ್ ಬ್ಲ್ಯಾಕ್, ಅಂದ್ರೆ ನುಣುಪಾದ ಮಸಿ. ಕಿರಣವನ್ನ ತಾನೇ ಹೀರಿಕೊಳ್ಳುತ್ತೆ. ತೋಟಕ್ಕೆ ಹಾಕೋ ಎಚ್‌ಡಿಪಿಇ ಪೈಪು ಕಪ್ಪಗಿರೋದು ಇದಕ್ಕೇ. ಆ ಪೈಪಿನ ಭಾರತೀಯ ಮಾನದಂಡ ಐಎಸ್ 4984ರಲ್ಲಿ ಮಸಿ ಸುಮಾರು 2.5 ಪರ್ಸೆಂಟ್ ಇರಬೇಕು ಅಂತಲೇ ಇದೆ. ಇನ್ನೊಂದು, ಎಚ್‌ಎಎಲ್‌ಎಸ್ ಅನ್ನೋ ಗುಂಪಿನ ರಾಸಾಯನಿಕ. ಇದು ಆ ಪುಂಡ ಕಣಗಳನ್ನ ಹಿಡಿದು ಸುಮ್ಮನಾಗಿಸುತ್ತೆ. ಹಿಡಿದ ಮೇಲೆ ತಾನೂ ಸಾಯಲ್ಲ, ಮತ್ತೆ ಮೊದಲಿನ ರೂಪಕ್ಕೆ ಬಂದು ಇನ್ನೊಂದನ್ನ ಹಿಡಿಯುತ್ತೆ. ಅದಕ್ಕೇ ಸಾಮಾನ್ಯವಾಗಿ ನೂರು ಕೆಜಿ ಪ್ಲಾಸ್ಟಿಕ್‌ಗೆ ಒಂದು ಕೆಜಿಗಿಂತ ಕಡಿಮೆ ಸಾಕು.

ಕಾಮರ್ಸ್ ತಲೆಗೆ ಇಲ್ಲಿ ಗಂಟೆ ಹೊಡೀತು. ಇಷ್ಟು ಚೂರು ಹಾಕಬೇಕಾದ, ಆದ್ರೆ ದುಬಾರಿಯಾದ, ಹಾಕದೇ ಇದ್ರೂ ಮಾರುವಾಗ ಯಾರಿಗೂ ಗೊತ್ತಾಗದ ವಸ್ತು. ಖರ್ಚು ಉಳಿಸೋರು ಮೊದಲು ಎಲ್ಲಿ ಕೈ ಹಾಕ್ತಾರೆ? ಹೊಳಪು ಅದೇ, ಬಣ್ಣ ಅದೇ, ತೂಕವೂ ಅದೇ. ಸುಣ್ಣದ ಕಲ್ಲಿನ ಪುಡಿ ಸೇರಿಸಿದ್ರೆ ತೂಕ ಇನ್ನೂ ಜಾಸ್ತಿಯೇ ಬರುತ್ತೆ. ಬಣ್ಣ ಬಯಲಾಗೋದು ಒಂದು ಬೇಸಿಗೆ ಕಳೆದ ಮೇಲೆ, ಅದೂ ಮಳೆ ರಾತ್ರಿ.

ಆದ್ರೆ ನನ್ನ ತಪ್ಪೂ ಇದೆ

ಇಷ್ಟು ತಿಳ್ಕೊಂಡು ಅಮ್ಮನ ಮುಂದೆ ದೊಡ್ಡದಾಗಿ ಹೇಳಿದೆ. ಅಮ್ಮ ಕೇಳಿದ್ರು: "ನಿನ್ನ ಟಾರ್ಪಾಲ್ ವರ್ಷ ಪೂರ್ತಿ ಎಲ್ಲಿತ್ತು?" ಶೆಡ್ಡಿನ ತಗಡಿನ ಮೇಲೆ. ಸೋರುತ್ತೆ ಅಂತ ನಾನೇ ಹೊದಿಸಿದ್ದೆ. ಅಜ್ಜನದ್ದು? ಕುಯ್ಲು ಮುಗಿದ ದಿನ ಒರೆಸಿ, ಒಣಗಿಸಿ, ಮಡಿಸಿ ಅಟ್ಟದ ಮೇಲೆ.

ಅಂದ್ರೆ ನನ್ನ ಟಾರ್ಪಾಲು ಒಂದೇ ವರ್ಷದಲ್ಲಿ ಕಂಡ ಬಿಸಿಲನ್ನ ಅಜ್ಜನದ್ದು ಹಲವು ವರ್ಷ ಸೇರಿಸಿದ್ರೂ ಕಂಡಿರಲಿಕ್ಕಿಲ್ಲ. ಕಳಪೆ ಮಾಲು ಎಷ್ಟು, ನನ್ನ ಸೋಮಾರಿತನ ಎಷ್ಟು ಅಂತ ಬೇರೆ ಮಾಡೋಕೆ ಈ ಎರಡು ಟಾರ್ಪಾಲಿನಿಂದ ಆಗಲ್ಲ. ಪ್ಲಾಸ್ಟಿಕ್‌ಗೆ ವಯಸ್ಸು ಎಣಿಸಬೇಕಾದ್ದು ವರ್ಷದಲ್ಲಿ ಅಲ್ಲ, ಬಿಸಿಲಿನ ಗಂಟೆಯಲ್ಲಿ. ಕಾದ ತಗಡಿನ ಶಾಖ ಆ ಕೆಲಸವನ್ನ ಇನ್ನೂ ಜೋರು ಮಾಡುತ್ತೆ. ಗಂಧಕದಂಥ ಔಷಧಿಗಳು ಎಚ್‌ಎಎಲ್‌ಎಸ್ ಶಕ್ತಿ ಕುಗ್ಗಿಸ್ತವೆ, ಮೈಲುತುತ್ತದ ತಾಮ್ರವೂ ಇಂಥ ಪ್ಲಾಸ್ಟಿಕ್‌ಗೆ ಒಳ್ಳೇದಲ್ಲ. ಹಾಗಾಗಿ ಬೋರ್ಡೋ ದ್ರಾವಣ ಕಲಸೋ ಜಾಗದ ಟಾರ್ಪಾಲು, ಕಾಫಿ ಹೊದಿಸೋ ಟಾರ್ಪಾಲು ಬೇರೆ ಬೇರೆ ಇರಲಿ.

ಮಂಗಳೂರು, ಮೈಸೂರು

ಇದೆಲ್ಲ ಎಲ್ಲೋ ಜರ್ಮನಿಯ ಕಥೆ ಅಂದ್ಕೋಬೇಡಿ. ನಮ್ಮಿಂದ ಸಕಲೇಶಪುರ ದಾಟಿ ಶಿರಾಡಿ ಇಳಿದ್ರೆ ಮಂಗಳೂರು. ಅಲ್ಲಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕ ಇದೆ, 2015ರಲ್ಲಿ ಶುರುವಾಗಿದ್ದು. ಆ ಕಾಳಿಗೆ ಮ್ಯಾಂಗ್‌ಪಾಲ್ ಅಂತ ಹೆಸರು. ಅಕ್ಕಿ ಚೀಲ, ಡಬ್ಬ, ಕುರ್ಚಿ, ಹಗ್ಗ, ಇಂಥದ್ದೆಲ್ಲ ಆಗೋದು ಪಾಲಿಪ್ರೊಪಿಲೀನ್‌ನಿಂದ. ಒಂದೇ ಪ್ಲಾಸ್ಟಿಕ್ ಆದ್ರೂ ಚೀಲದ ದಾರಕ್ಕೆ ಬೇರೆ ಗ್ರೇಡ್, ಡಬ್ಬಕ್ಕೆ ಬೇರೆ ಗ್ರೇಡ್. ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ ಅಳೆದು ಗ್ರೇಡ್ ಹೇಳ್ತಾರೆ. ದೋಸೆ ಹಿಟ್ಟು, ಇಡ್ಲಿ ಹಿಟ್ಟಿನ ಹದ ಬೇರೆ ಇರೋ ಹಾಗೆ.

ಮೈಸೂರಲ್ಲಿ ಸಿಪೆಟ್ ಇದೆ, ಕೇಂದ್ರ ಸರ್ಕಾರದ ಸಂಸ್ಥೆ. ಚೆನ್ನೈಯಲ್ಲಿ 1968ರಲ್ಲಿ ಶುರುವಾದ ಸಂಸ್ಥೆಯ ಶಾಖೆ. ಪ್ಲಾಸ್ಟಿಕ್ ಪರೀಕ್ಷೆ ಮಾಡೋ ಲ್ಯಾಬ್ ಇದೆ, ಎಸ್ಸೆಸ್ಸೆಲ್ಸಿ ಆದ ಮೇಲೆ ಸೇರಬಹುದಾದ ಮೂರು ವರ್ಷದ ಡಿಪ್ಲೊಮಾಗಳಿವೆ. "ಮುಂದೇನು ಓದೋದು" ಅಂತ ಮೆಸೇಜ್ ಮಾಡೋ ತಮ್ಮ ತಂಗಿಯರೇ, ಇದನ್ನೂ ಒಮ್ಮೆ ವಿಚಾರಿಸಿ ನೋಡಿ.

ಅಂಗಡಿಯಲ್ಲಿ ಏನು ಕೇಳೋದು

ಮೊದಲನೇದು, ಐಎಸ್ 7903 ಅಂತ ಪ್ರಿಂಟ್ ಆಗಿದೆಯಾ ನೋಡಿ. ನೇಯ್ದ ಎಚ್‌ಡಿಪಿಇ ಟಾರ್ಪಾಲಿನ ಭಾರತೀಯ ಮಾನದಂಡ ಅದು. ಐಎಸ್‌ಐ ಮಾರ್ಕ್ ಜೊತೆ ಲೈಸೆನ್ಸ್ ನಂಬರ್ ಇರುತ್ತೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನಿಜವಾ ಅಂತ ನೋಡಬಹುದು. ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ, ಎರಡು ನಿಮಿಷದ ಕೆಲಸ.

ಎರಡನೇದು, ಜಿಎಸ್ಎಂ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಆದ್ರೆ ಇದನ್ನೊಂದನ್ನೇ ನಂಬಬೇಡಿ, ತೂಕ ಪುಡಿಯಿಂದಲೂ ಬರುತ್ತೆ.

ಮೂರನೇದು, ನೀರಿನ ಪರೀಕ್ಷೆ. ಅಂಚಿನಿಂದ ಸಣ್ಣ ಚೂರು ಕತ್ತರಿಸಿ, ಗಾಳಿಗುಳ್ಳೆ ಒರೆಸಿ ನೀರಲ್ಲಿ ಮುಳುಗಿಸಿ ಬಿಡಿ. ಪಾಲಿಥೀನ್ ನೀರಿಗಿಂತ ಹಗುರ, ಮೇಲೆ ಬರಬೇಕು. ಮುಳುಗಿದ್ರೆ ಪುಡಿಯೋ ಬೇರೆ ಪ್ಲಾಸ್ಟಿಕ್ಕೋ ಸೇರಿದೆ. ತೇಲಿದ್ರೆ ಒಳ್ಳೇದು ಅಂತ ಮಾತ್ರ ತೀರ್ಮಾನ ಮಾಡೋ ಹಾಗಿಲ್ಲ. ಬಿಸಿಲು ತಡೆಯೋ ಮದ್ದು ಇದೆಯಾ ಅನ್ನೋದು ಈ ಪರೀಕ್ಷೆಗೆ ಸಿಗಲ್ಲ. ಅದಕ್ಕೆ ಲ್ಯಾಬಲ್ಲಿ ಅತಿನೇರಳೆ ದೀಪದ ಕೆಳಗಿಟ್ಟು, ಆಮೇಲೆ ಎಳೆದು ಎಷ್ಟು ಬಲ ಉಳಿದಿದೆ ಅಂತ ಅಳೆಯಬೇಕು. ಮಾರ್ಕ್ ಕೇಳಿ ಅಂದಿದ್ದು ಅದಕ್ಕೇ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಟಾರ್ಪಾಲ್ ಸಿಗೋದನ್ನೂ ವಿಚಾರಿಸಿ.

ಈಗ ನನ್ನ ಸಬ್ಜೆಕ್ಟ್, ಲೆಕ್ಕ. ಉದಾಹರಣೆಗೆ 1,500 ರೂಪಾಯಿದು ಒಂದು ಕುಯ್ಲಿಗೆ ಹೋಗುತ್ತೆ, 3,600 ರೂಪಾಯಿದು ನಾಲ್ಕು ಕುಯ್ಲು ಬರುತ್ತೆ ಅಂತ ಇಟ್ಕೊಳ್ಳಿ. ವರ್ಷಕ್ಕೆ ಎರಡನೇದು 900 ರೂಪಾಯಿ ಬೀಳುತ್ತೆ. ಆದ್ರೆ ನಿಜವಾದ ಲೆಕ್ಕ ಇದಲ್ಲ. ಟಾರ್ಪಾಲಿನ ಕೆಳಗೆ ಒಂದು ವರ್ಷದ ದುಡಿಮೆ ಇರುತ್ತೆ. ನಾನು ಉಳಿಸಿದ ದುಡ್ಡು ಆ ಒಂದು ರಾತ್ರಿಗೇ ಹತ್ತಾರು ಪಟ್ಟಾಗಿ ಹೋಯ್ತು.

ಪುಡಿ ಆಗೋ ಮೊದಲೇ ನಿವೃತ್ತಿ

ಕೊನೇ ಮಾತು. ಪ್ಲಾಸ್ಟಿಕ್ ಪುಡಿ ಆಯ್ತು ಅಂದ್ರೆ ಕರಗಿತು ಅಂತಲ್ಲ. ಚೂರು ಸಣ್ಣದಾಯ್ತು ಅಷ್ಟೇ. ನಮ್ಮ ಕಣದ ಅಂಚಲ್ಲಿ ಈಗಲೂ ನೀಲಿ ಚೂರು ಸಿಗ್ತಾವೆ, ಕೆಲವು ಅಕ್ಕಿ ಕಾಳಿಗಿಂತ ಸಣ್ಣವು. ಮಳೆ ಬಂದ್ರೆ ತೋಟದ ಮಣ್ಣಿಗೆ, ಅಲ್ಲಿಂದ ಹಳ್ಳಕ್ಕೆ. ಒಂದೊಂದಾಗಿ ಆರಿಸೋಕೆ ಹೋಗಿ ಸೋತೆ.

ಬೆಂಗಳೂರಲ್ಲಿ ಅಹ್ಮದ್ ಖಾನ್, ರಸೂಲ್ ಖಾನ್ ಸಹೋದರರು ಪ್ಲಾಸ್ಟಿಕ್ ತ್ಯಾಜ್ಯವನ್ನ ಡಾಂಬರಿಗೆ ಬೆರೆಸಿ ರಸ್ತೆ ಮಾಡಿದ್ದು ನಿಮಗೆ ಗೊತ್ತಿರಬಹುದು. ಕರಗಿಸಿ ಮತ್ತೆ ಕಾಳು ಮಾಡೋರೂ ಇದ್ದಾರೆ. ಆದ್ರೆ ಯಾವುದಕ್ಕಾದ್ರೂ ಮೊದಲು ಅದು ಕೈಗೆ ಸಿಗೋ ಹಾಗೆ ಇಡಿಯಾಗಿರಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಹೊಸ ನಿಯಮ: ಮಡಿಕೆಯಲ್ಲಿ ಬಿಳಿ ಗೆರೆ ಕಂಡು, ಉಜ್ಜಿದ್ರೆ ಕೈಗೆ ಪುಡಿ ಹತ್ತಿದ್ರೆ, ಆ ಟಾರ್ಪಾಲಿಗೆ ಅವತ್ತೇ ನಿವೃತ್ತಿ. ಸುಡೋದಿಲ್ಲ, ಗುಜರಿಯವರಿಗೆ ಕೊಡೋದು.

ಅಜ್ಜನ ಟಾರ್ಪಾಲನ್ನ ಮೊನ್ನೆ ಬಿಚ್ಚಿ ನೋಡಿದೆ. ಒಂದು ಮಡಿಕೆಯಲ್ಲಿ ಬಿಳಿ ಗೆರೆ ಬಂದಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆ ಕೇಳಿಸಿಕೊಂಡ್ರೆ ಅವರಿಗೇ ಗೊತ್ತಾಗುತ್ತೆ.

ನಿಮ್ಮ ಮನೆ ಅಟ್ಟದಲ್ಲಿರೋ ಟಾರ್ಪಾಲ್ ಎಷ್ಟು ವರ್ಷದ್ದು? ಉಜ್ಜಿ ನೋಡಿ, ವಾಯ್ಸ್ ಮೆಸೇಜ್ ಕಳಿಸಿ. ಅರಸೀಕೆರೆ ಕಡೆಯವರು ಕೊಬ್ಬರಿಗೆ ಏನು ಹೊದಿಸ್ತೀರಿ ಅಂತಲೂ ಹೇಳಿ. ಮುಂದಿನ ವಾರ ಸಿಗೋಣ.