ಸೂರ್ಯನ ಧ್ರುವಗಳು ಅದಲುಬದಲಾಗುವ ಬಗೆ

ಸೌರಕಲೆಗಳ ಸಂಖ್ಯೆ ಸುಮಾರು 11 ವರ್ಷಗಳಿಗೊಮ್ಮೆ ಏರಿಳಿಯುವುದು ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದಿತ್ತಾದರೂ, ಆ ಕಲೆಗಳು ಪ್ರಬಲ ಕಾಂತಕ್ಷೇತ್ರದ ನೆಲೆಗಳೆಂಬುದನ್ನು ಅಮೆರಿಕದ ಜಾರ್ಜ್ ಎಲರಿ ಹೇಲ್ 1908ರಲ್ಲಿ ತೋರಿಸಿದ ಬಳಿಕವೇ ಕಾರಣದ ಹುಡುಕಾಟಕ್ಕೆ ದಿಕ್ಕು ದೊರೆಯಿತು. ಕಲೆಗಳು ವಿರುದ್ಧ ಧ್ರುವತೆಯ ಜೋಡಿಗಳಾಗಿ ಮೂಡುತ್ತವೆ. ಈ ಧ್ರುವತೆಯ ಕ್ರಮ ಪ್ರತಿ 11 ವರ್ಷಗಳ ಆವರ್ತದಲ್ಲೂ ತಿರುಗುಮುರುಗಾಗುವುದರಿಂದ ಕಾಂತಕ್ಷೇತ್ರ ಮೊದಲಿನ ಸ್ಥಿತಿಗೆ ಮರಳಲು ಸುಮಾರು 22 ವರ್ಷ ಬೇಕು.

ಸೂರ್ಯನ ತ್ರಿಜ್ಯದ ಹೊರಗಿನ ಸುಮಾರು ಶೇಕಡ 30ರಷ್ಟು ಭಾಗದಲ್ಲಿ ಪ್ಲಾಸ್ಮಾ, ಅಂದರೆ ವಿದ್ಯುತ್ತು ಹರಿಯಗೊಡುವ ಅನಿಲ, ಕುದಿಯುತ್ತ ಮೇಲಕ್ಕೂ ಕೆಳಕ್ಕೂ ಹರಿದಾಡುತ್ತದೆ. ಇದೇ ಸಂವಹನ ವಲಯ. ಈ ಅನಿಲ ತಾನು ಚಲಿಸಿದತ್ತ ಕಾಂತ ಬಲರೇಖೆಗಳನ್ನೂ ಎಳೆದೊಯ್ಯುತ್ತದೆ. ಸಮಭಾಜಕದ ಬಳಿ ಸುಮಾರು 25 ದಿನಗಳಲ್ಲಿ ಮುಗಿಯುವ ಸುತ್ತಿಗೆ ಧ್ರುವಗಳ ಬಳಿ ತಿಂಗಳಿಗೂ ಹೆಚ್ಚು ಕಾಲ ಹಿಡಿಯುವುದರಿಂದ, ಧ್ರುವದಿಂದ ಧ್ರುವಕ್ಕೆ ಚಾಚಿದ ರೇಖೆಗಳು ಕದಿರಿಗೆ ನೂಲು ಸುತ್ತಿಕೊಂಡಂತೆ ಪೂರ್ವ–ಪಶ್ಚಿಮವಾಗಿ ಸುತ್ತಿಕೊಂಡು ಬಲಗೊಳ್ಳುತ್ತವೆ. ಅವುಗಳ ಕಂತೆಗಳು ಹಗುರವಾಗಿ ತೇಲಿ ಮೇಲ್ಮೈಯನ್ನು ಭೇದಿಸಿದಲ್ಲಿ ಕಲೆಗಳು ಕಾಣಿಸುತ್ತವೆ.

ಇದು ಸುಲಭದ ಅರ್ಧ. ಸುತ್ತಿಕೊಂಡ ಕ್ಷೇತ್ರದಿಂದ ಧ್ರುವೀಯ ಕ್ಷೇತ್ರ, ಅದೂ ವಿರುದ್ಧ ದಿಕ್ಕಿನದು, ಮತ್ತೆ ಹುಟ್ಟುವುದು ಹೇಗೆಂಬುದೇ ಕಠಿಣ ಪ್ರಶ್ನೆ. 1960ರ ದಶಕದಲ್ಲಿ ವಿಜ್ಞಾನಿಗಳಾದ ಬ್ಯಾಬ್‌ಕಾಕ್ ಮತ್ತು ಲೈಟನ್ ರೂಪಿಸಿದ ವಿವರಣೆಯಂತೆ, ಸೂರ್ಯನ ಆವರ್ತನೆಯ ಪ್ರಭಾವದಿಂದ ಮೇಲೇರುವಾಗಲೇ ಓರೆಯಾಗುವ ಪ್ರತಿ ಜೋಡಿಯಲ್ಲಿ, ಸೂರ್ಯ ತಿರುಗುವ ದಿಕ್ಕಿನಲ್ಲಿ ಮುಂದಿರುವ ಕಲೆ ಸಮಭಾಜಕಕ್ಕೆ ತುಸು ಹತ್ತಿರವಿರುತ್ತದೆ. ಕಲೆಗಳು ಚದುರಿದಾಗ ಎರಡೂ ಗೋಲಾರ್ಧಗಳ ಮುಂದಿನ ಧ್ರುವತೆಗಳು ಪರಸ್ಪರ ರದ್ದಾಗಿ, ಹಿಂದಿನವು ಧ್ರುವಗಳತ್ತ ಸಾಗಿ ಅಲ್ಲಿದ್ದ ಹಳೆಯ ಕ್ಷೇತ್ರವನ್ನು ಅಳಿಸಿ ವಿರುದ್ಧ ಕ್ಷೇತ್ರವನ್ನು ಕಟ್ಟುತ್ತವೆ. ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ವೇಗದ ಮಂದ ಹರಿವು ಈ ಸಾಗಣೆಗೆ ನೆರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರ್ನಬ್ ರಾಯ್ ಚೌಧುರಿ ಮತ್ತು ಸಂಗಡಿಗರು ಇದೇ ಜಾಡಿನ ಮಾದರಿಯಲ್ಲಿ ಧ್ರುವೀಯ ಕ್ಷೇತ್ರದ ಅಳತೆಗಳನ್ನು ಬಳಸಿ, 24ನೆಯ ಸೌರಕಲೆ ಆವರ್ತ ದುರ್ಬಲವಾಗಿರುವುದೆಂದು 2007ರಲ್ಲಿ ನುಡಿದಿದ್ದರು. ಪ್ರಬಲ ಆವರ್ತದ ಮುನ್ಸೂಚನೆಗಳೂ ಇದ್ದ ಕಾಲದಲ್ಲಿ ಹೇಳಿದ ಆ ಮಾತು ನಿಜವಾಯಿತು.

ಇಂಥ ಆವರ್ತ ದೂರದ ನಕ್ಷತ್ರಗಳಲ್ಲೂ ಇದೆಯೇ ಎಂದು ನೋಡಲು ಅವುಗಳ ಕಲೆಗಳನ್ನು ನೇರವಾಗಿ ಎಣಿಸಲಾಗದು. ಆದ್ದರಿಂದ ಕಾಂತಚಟುವಟಿಕೆ ಹೆಚ್ಚಿದಂತೆ ಬೆಳಗುವ ಕ್ಯಾಲ್ಸಿಯಂ ರೋಹಿತರೇಖೆಗಳನ್ನು ಖಗೋಳವಿಜ್ಞಾನಿ ಆಲಿನ್ ವಿಲ್ಸನ್ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ 1966ರಿಂದ ಅಳೆಯತೊಡಗಿದರು. ಹಲವು ನಕ್ಷತ್ರಗಳಲ್ಲಿ ಆವರ್ತಗಳು ಕಂಡವು, ಕೆಲವು ಏರಿಳಿತವೇ ಇಲ್ಲದೆ ಉಳಿದವು. ಇತ್ತ ಸೂರ್ಯನ ಸಂವಹನ ವಲಯದ ತಳದಲ್ಲಿ ಆವರ್ತನ ವೇಗ ಥಟ್ಟನೆ ಬದಲಾಗುವ ತೆಳುಪದರವೇ ಬಲರೇಖೆಗಳನ್ನು ಸುತ್ತುವ ತಾಣವೆಂಬ ಎಣಿಕೆ ಬಹುಕಾಲ ಪ್ರಬಲವಾಗಿತ್ತು. ಆದರೆ ಒಳಗೆಲ್ಲ ಸಂವಹನವೇ ಇರುವುದರಿಂದ ಅಂಥ ಪದರವಿಲ್ಲದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದಲ್ಲೂ ಸುಮಾರು ಏಳು ವರ್ಷಗಳ ಆವರ್ತದ ಕುರುಹು ದೊರೆತ ಮೇಲೆ, ಆ ಪದರ ಅನಿವಾರ್ಯವೆಂಬ ವಾದ ಸಡಿಲಗೊಂಡು, ಸಂವಹನ ವಲಯದಾದ್ಯಂತ ಕ್ಷೇತ್ರ ಹುಟ್ಟಬಲ್ಲದೆಂಬ ಪಕ್ಷಕ್ಕೆ ಬಲ ಬಂದಿದೆ.